ಅರಮನೆಗಳ ಬೆನ್ನ ಹಿಂದಿನ ಕಾಲುದಾರಿ

ಮನೆಯೊಳಗಿನ ಕೋಣೆಗಳ ಸಂಖ್ಯೆ ೭೦. ಆದರೂ ಅದನ್ನು ಕಟ್ಟಿಸಿದವರು ಕರೆಯುತ್ತಿದ್ದುದು ‘ಕಾಟೇಜ್’ ಎಂದು, ಅಂದರೆ ಕುಟೀರ! ವರ್ಷದಲ್ಲಿ ಬೇಸಗೆಯ ಕೆಲವೇ ವಾರ ದೀಪ ಕಾಣುತ್ತಿದ್ದ ಇಂಥ ‘ಕುಟೀರ’ಗಳು ಸಾಲುಗಟ್ಟಿ ನಿಂತಿರುವ ಊರೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಕರಾವಳಿಯಲ್ಲಿದೆ. ಅದರ ಹೆಸರು ನ್ಯೂಪೋರ್ಟ್.

ಸಂಯುಕ್ತ ಸಂಸ್ಥಾನಗಳಲ್ಲೆಲ್ಲ ಅತ್ಯಂತ ಚಿಕ್ಕದು ರೋಡ್ ಐಲೆಂಡ್. ಅದಕ್ಕೆ ಸೇರಿದ ಅಕ್ವಿಡ್ನೆಕ್ ದ್ವೀಪದ ದಕ್ಷಿಣದ ತುದಿಯಲ್ಲಿ ಮೂರು ಕಡೆ ನೀರನ್ನು ಕಟ್ಟಿಕೊಂಡು ಕುಳಿತಿದೆ ಈ ಊರು. ಊರಿನ ಅಂಚನ್ನು ಬಳಸಿಕೊಂಡು ಹೋಗುವ ಸುಮಾರು ೧೦ ಮೈಲಿಯ ಕಡಲ ಹಾದಿಯನ್ನು ನೋಡಲೆಂದೇ ದೇಶದೇಶಗಳಿಂದ ಜನ ಬರುತ್ತಾರೆ. ಅವರಿಗೆ ದಾರಿ ತೋರುವವರ ಕೆಲಸ ಸುಲಭವೂ ಹೌದು, ಕಷ್ಟವೂ ಹೌದು. ಸುಲಭವೇಕೆಂದರೆ, ಇಲ್ಲಿ ಕಣ್ಣಿಗೆ ಬಿದ್ದುದೆಲ್ಲ ಬೆರಗೇ. ಕಷ್ಟವೇಕೆಂದರೆ, ಕಡಲಿನ ಮೇಲೆ ಕಣ್ಣಿಟ್ಟವರಿಗೆ ಅರಮನೆ ತಪ್ಪುತ್ತದೆ. ಅರಮನೆಯ ಮೇಲೆ ಕಣ್ಣಿಟ್ಟವರಿಗೆ ಕಡಲು ತಪ್ಪುತ್ತದೆ. ಆದರೆ ನುರಿತ ಮಾರ್ಗದರ್ಶಿಯಾದವನು ಇವೆರಡನ್ನೂ ತೋರಿಸಿದ ಮೇಲೆ, ಎರಡರ ನಡುವೆ ಸುಳಿದು ಹೋಗುವ ಮೂರನೆಯದೊಂದನ್ನು ತೋರಿಸದೆ ಪ್ರವಾಸಿಗಳನ್ನು ಬೀಳ್ಕೊಡುವುದಿಲ್ಲ. ಅದೊಂದು ಕಾಲುದಾರಿ. ಕುಬೇರರ ಕೈಯಲ್ಲೂ ಮುಚ್ಚಿಸಲಾಗದ ಕಾಲುದಾರಿ. ನ್ಯೂಪೋರ್ಟಿನ ನಿಜವಾದ ಕಥೆ ಇರುವುದು ಅಲ್ಲಿಯೇ.

ಬಂದರಿನಿಂದ ಬಯಲಿಗೆ

ಪ್ರಯಾಣ ಹೊರಡುವುದು ಹಳೆಯ ಬಂದರಿನಿಂದ. ಈ ಊರು ಹುಟ್ಟಿದ್ದು ೧೬೩೯ರಲ್ಲಿ. ಮುಂದಿನ ಶತಮಾನದಲ್ಲಿ ಇದು ಅಮೆರಿಕಾದ ಬಹು ದೊಡ್ಡ ವ್ಯಾಪಾರದ ರೇವುಗಳಲ್ಲೊಂದಾಗಿ ಮೆರೆಯಿತು. ಆ ಸಂಪತ್ತಿನ ಒಂದು ಮುಖ್ಯ ಮೂಲ ಗುಲಾಮರ ವ್ಯಾಪಾರ. ಇಲ್ಲಿಂದ ಹೊರಟ ಹಡಗುಗಳು ಆಫ್ರಿಕಾಕ್ಕೆ ‘ರಮ್’ ಮದ್ಯವನ್ನು ಒಯ್ದು, ಮನುಷ್ಯರನ್ನು ಹೇರಿಕೊಂಡು ಹಿಂದಿರುಗುತ್ತಿದ್ದುವು. ಆ ಕಾಲದ ಆಫ್ರಿಕನರ ಸಮಾಧಿಗಳು ಊರಿನ ಹಳೆಯ ರುದ್ರಭೂಮಿಯ ಒಂದು ಭಾಗದಲ್ಲಿ ಇಂದಿಗೂ ಇವೆ. ‘ದೇವರ ಪುಟ್ಟ ಎಕರೆ’ ಎಂದು ಆ ನೆಲದ ಹೆಸರು.

ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಸೇನೆ ಊರನ್ನು ಹಿಡಿದುಕೊಂಡು ಕುಳಿತಾಗ ವ್ಯಾಪಾರದ ಬೆನ್ನುಮೂಳೆ ಮುರಿಯಿತು. ಹಡಗುಗಳು ಹೋದುವು, ತಂಗಾಳಿ ಉಳಿಯಿತು. ಆ ತಂಗಾಳಿಯನ್ನೇ ಮುಂದೆ ಊರು ಮಾರಿಕೊಂಡಿತೆನ್ನಬಹುದು. ದಕ್ಷಿಣದ ತೋಟದ ಧಣಿಗಳು ಬೇಸಗೆಯ ಧಗೆಗೆ ಹೆದರಿ ಇಲ್ಲಿಗೆ ಬರತೊಡಗಿದರು. ಅವರ ಹಿಂದೆ ನ್ಯೂಯಾರ್ಕಿನ ರೈಲು, ಕಲ್ಲಿದ್ದಲು, ಬ್ಯಾಂಕುಗಳ ಒಡೆಯರು ಬಂದರು. ೧೮೭೩ರಲ್ಲಿ ಮಾರ್ಕ್ ಟ್ವೇನ್ ಮತ್ತು ಅವನ ಗೆಳೆಯ ವಾರ್ನರ್ ಕೂಡಿ ಬರೆದ ಕಾದಂಬರಿಯೊಂದರ ಹೆಸರೇ ಆ ಕಾಲಕ್ಕೆ ಅಂಟಿಕೊಂಡಿತು: ‘ಗಿಲೀಟಿನ ಯುಗ’. ಚಿನ್ನದ ಯುಗವಲ್ಲ, ಮೇಲೆ ಚಿನ್ನದ ನೀರು ಕುಡಿಸಿದ ಯುಗ!

ಗೋರಿ ಅಗೆದವನ ಮನೆ

ಬಂದರನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿದೊಡನೆ ಆಡಮ್ಸ್ ಕೋಟೆಯ ಕಲ್ಲುಗೋಡೆಗಳು ಕಾಣುತ್ತವೆ. ಅದರಾಚೆ ಹುಲ್ಲುಗಾವಲಿನ ನಡುವೆ ಹ್ಯಾಮರ್‌ಸ್ಮಿತ್ ಫಾರ್ಮ್. ಜಾನ್ ಕೆನೆಡಿ ಮತ್ತು ಜಾಕ್ವೆಲಿನ್ ಬೂವಿಯೆ ಇವರ ಮದುವೆಯ ಸತ್ಕಾರಕೂಟ ನಡೆದದ್ದು ೧೯೫೩ರ ಸೆಪ್ಟೆಂಬರ್ ೧೨ರಂದು ಇದೇ ಅಂಗಳದಲ್ಲಿ. ಕೆನೆಡಿ ಅಧ್ಯಕ್ಷರಾದ ಮೇಲೆ ಜನ ಇದನ್ನು ‘ಬೇಸಗೆಯ ಶ್ವೇತಭವನ’ವೆಂದು ಕರೆದರು. ಇಂದು ಅದು ಖಾಸಗಿಯವರ ಮನೆ, ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಇಲ್ಲಿಂದ ಮುಂದೆ ರಸ್ತೆ ಕಡಲಿನ ಮಗ್ಗುಲಲ್ಲೇ ಹಾಯುತ್ತದೆ. ಕಪ್ಪುಬಂಡೆಗಳ ಮೇಲೆ ಅಟ್ಲಾಂಟಿಕ್ಕಿನ ತೆರೆಗಳು ಬಡಿದು ನೊರೆಯಾಗಿ ಹಿಂದಿರುಗುತ್ತವೆ; ಗಾಳಿಯಲ್ಲಿ ಉಪ್ಪಿನ ವಾಸನೆ. ರಸ್ತೆ ಬಾಗುವ ನೈರುತ್ಯದ ಮೂಲೆಯಲ್ಲಿ ಬ್ರೆಂಟನ್ ಪಾಯಿಂಟ್ ಎಂಬ ವಿಶಾಲವಾದ ಬಯಲಿದೆ. ಮಕ್ಕಳು ಗಾಳಿಪಟ ಹಾರಿಸುವ, ಸಂಸಾರಗಳು ಬುತ್ತಿ ಬಿಚ್ಚುವ ಸ್ಥಳ. ಇಲ್ಲಿ ಅರಮನೆಯೇ ಇಲ್ಲವಲ್ಲ ಎನ್ನುವ ಪ್ರವಾಸಿಗೆ ಮಾರ್ಗದರ್ಶಿ ಹೇಳುವ ಕಥೆ ಸ್ವಾರಸ್ಯವಾಗಿದೆ.

ಈ ನೆಲದ ಒಡೆಯನಾಗಿದ್ದವನು ಥಿಯೊಡೋರ್ ಡೇವಿಸ್. ಅವನಿಗೆ ಈಜಿಪ್ಟಿನ ಪುರಾತನ ಅರಸರ ಗೋರಿಗಳನ್ನು ಅಗೆಸುವ ಹುಚ್ಚು. ಅರಸರ ಕಣಿವೆಯಲ್ಲಿ ಅವನ ಹಣದಿಂದ ನಡೆದ ಉತ್ಖನನಗಳಲ್ಲಿ ಅನೇಕ ಗೋರಿಗಳು ಬೆಳಕಿಗೆ ಬಂದುವು. ಕೊನೆಗೊಮ್ಮೆ ಅವನು, ಕಣಿವೆ ಬರಿದಾಯಿತು, ಇನ್ನು ಅಲ್ಲಿ ಸಿಕ್ಕುವುದೇನೂ ಇಲ್ಲವೆಂದು ಕೈಬಿಟ್ಟ. ಅವನು ತೀರಿಕೊಂಡದ್ದು ೧೯೧೫ರಲ್ಲಿ. ಏಳು ವರ್ಷಗಳ ಮೇಲೆ, ೧೯೨೨ರಲ್ಲಿ, ಅದೇ ಕಣಿವೆಯಲ್ಲಿ ಟುಟಾಂಖಾಮನ್ ದೊರೆಯ ಗೋರಿ ಸಿಕ್ಕಿತು! ಡೇವಿಸ್ ಇಲ್ಲಿ ಕಟ್ಟಿಸಿದ್ದ ‘ರೀಫ್’ ಎಂಬ ಬಂಗಲೆ ಪಾಳುಬಿದ್ದು, ಬೆಂಕಿಗೆ ತುತ್ತಾಗಿ, ೧೯೬೦ರ ದಶಕದ ಮೊದಲಲ್ಲಿ ನೆಲಸಮವಾಯಿತು. ಕುದುರೆಲಾಯದ ಹಾಳುಗೋಡೆ ಮಾತ್ರ ಗಿಡಗಳ ನಡುವೆ ನಿಂತಿತು. ಮೂರು ಸಾವಿರ ವರ್ಷದ ಗೋರಿಗಳನ್ನು ತೆರೆಸಿದವನ ಮನೆ ನೂರು ವರ್ಷ ಬಾಳಲಿಲ್ಲ. ಆದರೆ ಅವನ ಅಂಗಳ ಮಾತ್ರ ಇಂದು ಸರ್ವರದೂ ಆಗಿದೆ.

ತಿರಸ್ಕೃತರ ಮರಳು

ಹಾದಿ ಪೂರ್ವಕ್ಕೆ ಹೊರಳಿ ಬೆಲ್‌ವ್ಯೂ ರಸ್ತೆಯನ್ನು ಕೂಡುವ ಕಡೆ ಬೇಲೀಸ್ ಬೀಚ್ ಎಂಬ ಮರಳದಂಡೆಯಿದೆ. ಇದು ಶ್ರೀಮಂತರ ಕೂಟವೊಂದರ ಖಾಸಗಿ ದಂಡೆ. ಸದಸ್ಯರಿಗೂ ಅವರ ಅತಿಥಿಗಳಿಗೂ ಹೊರತು ಬೇರೆಯವರಿಗೆ ಪ್ರವೇಶವಿಲ್ಲ. ಹಣವೊಂದಿದ್ದರೆ ಸದಸ್ಯತ್ವ ಸಿಕ್ಕೀತೆಂಬ ಭರವಸೆಯೂ ಹಿಂದಿನ ಕಾಲದಲ್ಲಿರಲಿಲ್ಲ. ಮನೆತನ ಬೇಕು, ಹಳೆಯ ಸದಸ್ಯರ ಒಪ್ಪಿಗೆ ಬೇಕು. ಆದರೆ ಅದೇ ದಂಡೆಯ ಪೂರ್ವದ ಅಂಚಿನಲ್ಲಿ, ಕಾಲುದಾರಿ ಬಂದು ಇಳಿಯುವಲ್ಲಿ, ಒಂದು ತುಣುಕು ಮರಳು ಸಾರ್ವಜನಿಕರದು. ಊರಿನವರು ಅದಕ್ಕೆ ನಗುನಗುತ್ತ ಇಟ್ಟ ಹೆಸರು ‘ರಿಜೆಕ್ಟ್ಸ್ ಬೀಚ್’, ತಿರಸ್ಕೃತರ ದಂಡೆ! ಎರಡೂ ಕಡೆಯವರನ್ನು ಮೀಯಿಸುವ ನೀರು ಒಂದೇ. ಅಲೆಗಳು ಯಾರ ಮನೆತನವನ್ನೂ ವಿಚಾರಿಸುವುದಿಲ್ಲ.

ಅಮೃತಶಿಲೆಯ ಸೆರೆಮನೆ

ಬೆಲ್‌ವ್ಯೂ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ನೋಟವೇ ಬೇರೆ. ಎತ್ತರದ ಮರಗಳು, ಅವುಗಳ ಹಿಂದೆ ಕಬ್ಬಿಣದ ಕುಸುರಿಗೇಟುಗಳು, ಅವುಗಳ ಹಿಂದೆ ಯೂರೋಪಿನ ಅರಸರ ಮನೆಗಳನ್ನು ನಾಚಿಸುವ ಸೌಧಗಳು.

ಇವುಗಳಲ್ಲಿ ‘ಮಾರ್ಬಲ್ ಹೌಸ್’ ೧೮೮೮ರಿಂದ ೧೮೯೨ರವರೆಗೆ ಕಟ್ಟಿಸಿದ್ದು. ರೈಲುಮಾರ್ಗಗಳ ಒಡೆಯರಾದ ವ್ಯಾಂಡರ್‌ಬಿಲ್ಟ್ ಮನೆತನದ ವಿಲಿಯಂ ತನ್ನ ಪತ್ನಿ ಆಲ್ವಾಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟ ಮನೆ. ಇದಕ್ಕೆ ತಗುಲಿದ ವೆಚ್ಚ ೧ ಕೋಟಿ ೧೦ ಲಕ್ಷ ಡಾಲರ್ ಎನ್ನುತ್ತಾರೆ. ಅದರಲ್ಲಿ ೭೦ ಲಕ್ಷ ಅಮೃತಶಿಲೆಯೊಂದಕ್ಕೇ! ಅಷ್ಟು ಕಲ್ಲು ಸಂಸಾರವನ್ನು ಕಟ್ಟಿ ನಿಲ್ಲಿಸಲಿಲ್ಲ. ಮನೆ ಮುಗಿದ ಮೂರನೆಯ ವರ್ಷಕ್ಕೆ, ೧೮೯೫ರಲ್ಲಿ, ಗಂಡಹೆಂಡಿರ ವಿಚ್ಛೇದನವಾಯಿತು.

ಅದೇ ವರ್ಷ ಈ ಮನೆಯ ಮಗಳು ಕನ್‌ಸ್ವೇಲೊಳ ಮದುವೆಯೂ ಗೊತ್ತಾಯಿತು. ಹುಡುಗಿಗೆ ೧೮ ವರ್ಷ. ಮನಸ್ಸು ಬೇರೊಬ್ಬನ ಮೇಲೆ. ತಾಯಿಗೆ ಮಗಳನ್ನು ಇಂಗ್ಲೆಂಡಿನ ಡ್ಯೂಕನ ಪತ್ನಿಯನ್ನಾಗಿ ಕಾಣುವ ಹಟ. ಮಗಳು ಯಾರನ್ನೂ ಕಾಣದಂತೆ, ಯಾರಿಗೂ ಬರೆಯದಂತೆ ಕಾವಲಿಟ್ಟು, ಕೊನೆಗೆ ಮಾರ್ಲ್‌ಬರೊ ಡ್ಯೂಕನಿಗೆ ಧಾರೆಯೆರೆದಳು. ಮದುವೆ ಸುಖವಾಗಲಿಲ್ಲ. ೧೯೨೬ರಲ್ಲಿ ಚರ್ಚಿನ ನ್ಯಾಯಪೀಠ ಅದನ್ನು ಅಸಿಂಧುವೆಂದು ಸಾರಿದಾಗ, ಬಲವಂತ ಮಾಡಿದವಳು ತಾನೇ ಎಂದು ಮುದಿ ಆಲ್ವಾಳೇ ಸಾಕ್ಷ್ಯ ನುಡಿದಳು.

ಆದರೆ ಈ ಆಲ್ವಾಳನ್ನು ಒಂದೇ ಮಾತಿನಲ್ಲಿ ತೂಗಿಬಿಡುವುದು ನ್ಯಾಯವಲ್ಲ. ಮಗಳ ಬಾಯಿ ಕಟ್ಟಿದವಳೇ ಮುಂದೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಬಾಯಿ ತೆರೆದು ನಿಂತಳು. ೧೯೦೯ರಲ್ಲಿ ಇದೇ ಮನೆಯ ಬಾಗಿಲನ್ನು ಹಣ ಕೊಟ್ಟ ಜನರಿಗೆ ತೆರೆದು, ಬಂದ ಹಣವನ್ನು ಆ ಚಳವಳಿಗೆ ಒಪ್ಪಿಸಿದಳು. ೧೯೧೪ರಲ್ಲಿ ಇಲ್ಲಿ ಸ್ತ್ರೀಯರ ಸಮ್ಮೇಳನವನ್ನು ನಡೆಸಿದಳು. ಹಿತ್ತಲಿನ ಕಡಲಂಚಿನ ಬಂಡೆಯ ಮೇಲೆ ಚೀನೀ ಶೈಲಿಯ ಚಹಾಮಂಟಪವೊಂದನ್ನು ಕಟ್ಟಿಸಿದಳು. ಆ ಮಂಟಪವನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಅಡಿಯಲ್ಲಿ ನಾವು ಮತ್ತೊಮ್ಮೆ ಹಾಯಬೇಕಾಗಿದೆ.

ಬೆಂಕಿಗೆ ಹೆದರಿದ ಮನೆ

ವಿಲಿಯಮನ ಅಣ್ಣ ಎರಡನೆಯ ಕಾರ್ನೀಲಿಯಸ್ ಕಟ್ಟಿಸಿದ್ದು ‘ಬ್ರೇಕರ್ಸ್’. ಮೊದಲು ಇಲ್ಲಿದ್ದ ಮರದ ಮನೆ ೧೮೯೨ರ ನವೆಂಬರಿನಲ್ಲಿ ಸುಟ್ಟುಹೋಯಿತು. ಇನ್ನೊಮ್ಮೆ ಹಾಗಾಗಕೂಡದೆಂದು ಆತ ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟನಿಂದ ಕಲ್ಲು, ಇಟ್ಟಿಗೆ, ಉಕ್ಕುಗಳ ಮನೆಯನ್ನು ನಿರ್ಮಿಸಿದ. ಬಿಸಿನೀರಿನ ಒಲೆಗಳನ್ನೂ ಮನೆಯಿಂದ ದೂರ ನೆಲದಡಿಯಲ್ಲಿರಿಸಿ ಸುರಂಗದಿಂದ ಜೋಡಿಸಿದ. ನಡುವಣ ಸಭಾಂಗಣದಲ್ಲಿ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದೆ. ಸ್ನಾನದ ತೊಟ್ಟಿಗೆ ನಾಲ್ಕು ಬಗೆಯ ನೀರು: ಬಿಸಿ, ತಣ್ಣನೆಯ ಸಿಹಿನೀರು; ಬಿಸಿ, ತಣ್ಣನೆಯ ಕಡಲ ನೀರು! ಬೆಳಗಿನ ಕೊಠಡಿಯ ಗೋಡೆಯ ಮೇಲೆ ಹೊಳೆಯುವುದು ಬೆಳ್ಳಿಯೆಂದು ಬಹುಕಾಲ ನಂಬಿದ್ದರು. ಇತ್ತೀಚೆಗೆ ಪರೀಕ್ಷಿಸಿದಾಗ ಅದು ಪ್ಲಾಟಿನಂ ರೇಕು ಎಂದು ತಿಳಿಯಿತು.

ಮನೆ ಮುಗಿದದ್ದು ೧೮೯೫ರ ಬೇಸಗೆಯಲ್ಲಿ. ಶಿಲ್ಪಿ ಹಂಟ್ ಅದೇ ಬೇಸಗೆಯಲ್ಲಿ ತೀರಿಕೊಂಡ. ಯಜಮಾನನಿಗೆ ಮರುವರ್ಷ ಲಕ್ವ ಹೊಡೆಯಿತು. ೧೮೯೯ರಲ್ಲಿ ಅವನೂ ಹೋದ. ಬೆಂಕಿಯ ವಿಷಯದಲ್ಲಿ ಅಷ್ಟೊಂದು ಎಚ್ಚರವಿದ್ದವನಿಗೆ ಆ ಮನೆಯ ಸುಖ ದೊರೆತದ್ದು ಇಷ್ಟೇ.

ಕೆಳಗಿನ ಲೋಕ

ಮುಂದೆ ‘ಎಲ್ಮ್ಸ್’. ಕಲ್ಲಿದ್ದಲಿನ ದೊರೆ ಎಡ್ವರ್ಡ್ ಬರ್ವಿಂಡ್ ೧೯೦೧ರಲ್ಲಿ ಮುಗಿಸಿದ ಸೌಧ. ಇಲ್ಲಿ ಮಾರ್ಗದರ್ಶಿಗಳು ಪ್ರವಾಸಿಗಳನ್ನು ಮುಂಬಾಗಿಲಿನಿಂದ ಮಾತ್ರವಲ್ಲ, ಸೇವಕರ ಬಾಗಿಲಿನಿಂದಲೂ ಒಳಗೊಯ್ಯುತ್ತಾರೆ. ಆ ದಾರಿಯಲ್ಲಿ ಹೋದವರಿಗೆ ಶ್ರೀಮಂತಿಕೆಯ ಯಂತ್ರದ ಒಳಗನ್ನು ಕಂಡಂತಾಗುತ್ತದೆ. ಕಲ್ಲಿದ್ದಲನ್ನು ಅಂಗಳದ ಮೇಲೆ ಸಾಗಿಸಿದರೆ ಅತಿಥಿಗಳ ಕಣ್ಣಿಗೆ ಬಿದ್ದೀತೆಂದು, ರಸ್ತೆಯಿಂದ ನೆಲಮಾಳಿಗೆಗೆ ಸುರಂಗ ತೋಡಿ ಹಳಿ ಹಾಕಿಸಿದ್ದರು. ಸೇವಕರ ಮಲಗುವ ಕೋಣೆಗಳಿರುವುದು ಮೇಲಿನ ಮಹಡಿಯಲ್ಲಿ; ಆದರೆ ಕೆಳಗೆ ನಿಂತವರಿಗೆ ಅಲ್ಲೊಂದು ಮಹಡಿ ಇದೆಯೆಂಬುದೇ ತಿಳಿಯದಂತೆ ಕಲ್ಲಿನ ಅಡ್ಡಗೋಡೆ ಅದನ್ನು ಮರೆಮಾಡಿದೆ. ಅಡಿಗೆಯವರು, ಒಗೆಯುವವರು, ಬಾಗಿಲು ಕಾಯುವವರು, ಒಲೆಗೆ ಕಲ್ಲಿದ್ದಲು ತುಂಬುವವರು, ಹೀಗೆ ಹತ್ತಾರು ಜನ ದುಡಿಯುತ್ತಿದ್ದರು. ಮನೆ ಕಟ್ಟಿ ಬಹಳ ದಿನವಾಗಿರಲಿಲ್ಲ. ಬಿಡುವಿಲ್ಲದ ದುಡಿಮೆಗೆ ಬೇಸತ್ತು ಅವರು ಮುಷ್ಕರ ಹೂಡಿದರು. ಯಜಮಾನ ಎಲ್ಲರನ್ನೂ ಕೆಲಸದಿಂದ ತೆಗೆದು ಹೊಸಬರನ್ನು ಸೇರಿಸಿಕೊಂಡ.

ಹಾಗಾದರೆ ಆ ಜನಕ್ಕೆ ವಿನೋದವೆಂಬುದೇ ಇರಲಿಲ್ಲವೆ? ಇತ್ತು. ಅದು ಅರಮನೆಯ ಒಳಗಲ್ಲ, ಹೊರಗೆ. ಕಡಲಿಗಿಳಿಯುವ ‘ನಲವತ್ತು ಮೆಟ್ಟಲು’ಗಳ ಬಳಿ ಸಂಜೆಯ ಹೊತ್ತು ಸೇವಕಸೇವಕಿಯರು ಸೇರಿ ಹಾಡಿ ಕುಣಿಯುತ್ತಿದ್ದರೆಂದು ಊರು ನೆನಸಿಕೊಳ್ಳುತ್ತದೆ.

ಟಿಕೀಟಿನ ದರ್ಬಾರು

ಈ ವೈಭವ ಎಷ್ಟು ಕಾಲ ನಡೆಯಿತು? ಒಂದು ತಲೆಮಾರು. ೧೯೧೩ರಲ್ಲಿ ವರಮಾನದ ತೆರಿಗೆ ಶಾಶ್ವತವಾಯಿತು. ಮಹಾಯುದ್ಧ ಬಂತು; ೧೯೨೯ರ ಷೇರುಪೇಟೆಯ ಕುಸಿತ ಬಂತು. ಸೇವಕರಿಗೆ ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳ ಸಿಕ್ಕತೊಡಗಿತು. ಎಪ್ಪತ್ತು ಕೋಣೆಯ ಕುಟೀರ ಮಕ್ಕಳಿಗೆ ಆಸ್ತಿಯಾಗದೆ ಹೊರೆಯಾಯಿತು.

ನ್ಯೂಪೋರ್ಟಿನ ಹಳೆಯ ಮನೆಗಳನ್ನು ಕಾಪಾಡಲು ೧೯೪೫ರಲ್ಲಿ ಒಂದು ಸಂರಕ್ಷಣಾ ಸಂಘ ಹುಟ್ಟಿತು. ಕಾರ್ನೀಲಿಯಸನ ಕಿರಿಯ ಮಗಳು ೧೯೪೮ರಲ್ಲಿ ಬ್ರೇಕರ್ಸ್ ಸೌಧವನ್ನು ವರ್ಷಕ್ಕೆ ೧ ಡಾಲರ್ ಬಾಡಿಗೆಯಂತೆ ಈ ಸಂಘಕ್ಕೆ ಬಿಟ್ಟುಕೊಟ್ಟಳು. ೧೯೭೨ರಲ್ಲಿ ಸಂಘ ಅದನ್ನು ಕೊಂಡಾಗ ತೆತ್ತ ಬೆಲೆ ೩,೬೫,೦೦೦ ಡಾಲರ್. ಕಟ್ಟಲು ತಗುಲಿದ್ದು ೭೦ ಲಕ್ಷಕ್ಕೂ ಮಿಗಿಲೆನ್ನುತ್ತಾರೆ! ಮನೆತನದವರು ೨೦೧೮ರವರೆಗೂ ಮೇಲಿನ ಮಹಡಿಯಲ್ಲಿ ವಾಸವಾಗಿದ್ದರು. ಕೆಳಗೆ ಟಿಕೀಟು ಪಡೆದ ಜನ ಸಾಲುಗಟ್ಟಿ ಅವರ ಮುತ್ತಜ್ಜನ ಊಟದ ಮೇಜನ್ನು ನೋಡುತ್ತಿದ್ದರು. ಎಲ್ಮ್ಸ್ ೧೯೬೨ರಲ್ಲಿ ಕೆಡವುವವರ ಕೈಸೇರುವುದರಲ್ಲಿತ್ತು. ಸಂಘ ಕೊಂಡು ಉಳಿಸಿತು. ಆಲ್ವಾಳ ಅಮೃತಶಿಲೆಯ ಮನೆ ೧೯೬೩ರಲ್ಲಿ ಅವಳ ಮಗನ ಹಣದಿಂದ ಸಂಘಕ್ಕೆ ಬಂತು. ಆಕರ್ ಕೋರ್ಟ್ ಎಂಬ ಇನ್ನೊಂದು ಸೌಧದಲ್ಲಿ ೧೯೪೭ರಲ್ಲೇ ಕಾಲೇಜು ಆರಂಭವಾಗಿತ್ತು. ಹೀಗೆ, ಯಾವ ಜನಸಾಮಾನ್ಯರ ಕಣ್ಣಿಗೆ ಬೀಳಬಾರದೆಂದು ಗೋಡೆಗಳನ್ನೆತ್ತಿದರೊ ಅದೇ ಜನಸಾಮಾನ್ಯರ ಟಿಕೀಟಿನ ಹಣ ಇಂದು ಆ ಗೋಡೆಗಳಿಗೆ ಸುಣ್ಣ ಬಳಿಯುತ್ತಿದೆ.

ಅದೇ ಬೆಲ್‌ವ್ಯೂ ರಸ್ತೆಯ ‘ಕಸೀನೊ’ ಶ್ರೀಮಂತರ ಆಟದ ಮನೆಯಾಗಿತ್ತು. ಅಮೆರಿಕಾದ ಮೊದಲ ರಾಷ್ಟ್ರೀಯ ಟೆನಿಸ್ ಪಂದ್ಯಗಳು ನಡೆದದ್ದು ೧೮೮೧ರಲ್ಲಿ ಇದರ ಹಸುರು ಹುಲ್ಲಿನ ಮೇಲೆ. ಅದೇ ಹುಲ್ಲಿನ ಮೇಲೆ ಮದರಾಸಿನ ವಿಜಯ್ ಅಮೃತರಾಜ್ ಮೂರು ಬಾರಿ ಪ್ರಶಸ್ತಿ ಗೆದ್ದರು. ೧೯೯೮ರಲ್ಲಿ ಲಿಯಾಂಡರ್ ಪೇಸ್ ಗೆದ್ದರು. ಈಗ ಅಲ್ಲಿರುವುದು ಟೆನಿಸ್ಸಿನ ಅಂತರರಾಷ್ಟ್ರೀಯ ಕೀರ್ತಿಮಂದಿರ. ೨೦೨೪ರಲ್ಲಿ ಈ ಇಬ್ಬರು ಭಾರತೀಯರ ಹೆಸರುಗಳೂ ಅದರಲ್ಲಿ ಸೇರಿದುವು.

ಮುಚ್ಚಲಾರದ ದಾರಿ

ಇನ್ನು ಬಸ್ಸನ್ನು ಬಿಟ್ಟು ನಡೆಯಬೇಕು. ಸಾರ್ವಜನಿಕರ ಈಸ್ಟನ್ಸ್ ಬೀಚಿನ ಪಕ್ಕದಲ್ಲಿ ಆರಂಭವಾಗಿ ತಿರಸ್ಕೃತರ ದಂಡೆಯವರೆಗೆ ಸುಮಾರು ೩½ ಮೈಲಿ ಹೋಗುವ ಈ ಕಾಲುದಾರಿಗೆ ‘ಕ್ಲಿಫ್ ವಾಕ್’ ಎಂದು ಹೆಸರು. ಒಂದು ಕಡೆ ಅರಮನೆಗಳ ಹಿತ್ತಲು. ಇನ್ನೊಂದು ಕಡೆ ಕಡಿದಾದ ದಂಡೆ, ಅದರ ಕೆಳಗೆ ಕಡಲು. ಕಾಲಡಿಯ ನೆಲ ಬಹುಮಟ್ಟಿಗೆ ಖಾಸಗಿ ಒಡೆತನದ್ದೇ. ಆದರೆ ಅದರ ಮೇಲೆ ನಡೆಯುವ ಹಕ್ಕು ಜನರದು.

ಈ ಹಕ್ಕು ಎಲ್ಲಿಂದ ಬಂತು? ಬೆಸ್ತರಿಂದ. ಅರಮನೆಗಳು ಹುಟ್ಟುವ ಮೊದಲೇ ಮೀನು ಹಿಡಿಯುವವರು, ಹೊಲದ ಗೊಬ್ಬರಕ್ಕೆ ಕಡಲಪಾಚಿ ಒಟ್ಟುವವರು ದಂಡೆಯ ಮೇಲೆ ಓಡಾಡುತ್ತಿದ್ದರು. ೧೬೬೩ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಈ ವಸಾಹತಿಗೆ ನೀಡಿದ ಸನ್ನದಿನಲ್ಲೇ ಮೀನುಗಾರಿಕೆಯ ಸ್ವಾತಂತ್ರ್ಯದ ಮಾತಿತ್ತು. ೧೮೪೨ರ ಸಂವಿಧಾನ, ಜನ ಹಿಂದಿನಿಂದ ಅನುಭವಿಸುತ್ತ ಬಂದ ದಂಡೆಯ ಸೌಲಭ್ಯಗಳು ಮುಂದೆಯೂ ಅವರಿಗುಂಟೆಂದು ಸಾರಿತು. ರೈಲಿನ ಒಡೆಯರು ಬಂದು ನೋಡುವಾಗ ದಾರಿ ಅಲ್ಲಿತ್ತು, ಕಾನೂನೂ ಅಲ್ಲಿತ್ತು.

ತಮ್ಮ ಹುಲ್ಲುಹಾಸಿಗೂ ಕಡಲಿಗೂ ನಡುವೆ ಯಾರಾರೊ ನಡೆದು ಹೋಗುವುದು ಧಣಿಗಳಿಗೆ ಸಹಿಸುವ ಮಾತೆ? ಗೋಡೆ ಕಟ್ಟಿಸಿದರು, ಬೇಲಿ ಬೆಳೆಸಿದರು, ದಾರಿಯನ್ನು ತಗ್ಗಿಸಿದರು. ಆದರೆ ಮುಚ್ಚಲು ಮಾತ್ರ ಸಾಧ್ಯವಾಗಲಿಲ್ಲ. ಆಲ್ವಾಳ ಚಹಾಮಂಟಪದ ಬಳಿ ಇದಕ್ಕೊಂದು ಸೊಗಸಾದ ಸಾಕ್ಷಿಯಿದೆ. ಅಲ್ಲಿ ದಾರಿ ಸುರಂಗದೊಳಗಿಳಿದು, ಮಂಟಪದ ಅಡಿಯಲ್ಲಿ ಹಾಯ್ದು, ಆಚೆ ಮತ್ತೆ ಬೆಳಕಿಗೆ ಬರುತ್ತದೆ. ಮೇಲೆ ಚಹಾ, ಕೆಳಗೆ ಗಾಳ ಹೊತ್ತ ಬೆಸ್ತ! ಅವಳ ಐಶ್ವರ್ಯ ಬೆಸ್ತನನ್ನು ಕಣ್ಣಿಂದ ಮರೆಮಾಡಲು ಶಕ್ತವಾಯಿತು, ತಡೆಯಲು ಶಕ್ತವಾಗಲಿಲ್ಲ.

ಈ ಹೋರಾಟ ಹಳೆಯ ಕಥೆಯಾಗಿ ಮುಗಿದಿಲ್ಲ. ದಂಡೆಯ ಸೌಲಭ್ಯವೆಂದರೆ ಯಾವುದೆಂಬ ವಿವಾದ ಮತ್ತೆ ಮತ್ತೆ ಎದ್ದಿತು. ೧೯೮೬ರಲ್ಲಿ ಸಂವಿಧಾನವನ್ನು ತಿದ್ದಿ, ಮೀನು ಹಿಡಿಯುವುದು, ಪಾಚಿ ಒಟ್ಟುವುದು, ಈಜಲು ನೀರಿಗಿಳಿಯುವುದು, ದಂಡೆಯುದ್ದಕ್ಕೂ ನಡೆಯುವುದು ಎಂದು ಒಂದೊಂದನ್ನೂ ಬರೆದಿಟ್ಟರು. ೨೦೨೩ರಲ್ಲಿ ಇನ್ನೊಂದು ಕಾನೂನು ಬಂತು: ತೆರೆ ತಂದುಬಿಟ್ಟ ಪಾಚಿಯ ಗೆರೆಯಿಂದ ನೆಲದ ಕಡೆಗೆ ೧೦ ಅಡಿಯವರೆಗೆ ಸಾರ್ವಜನಿಕರು ನಡೆಯಬಹುದು. ಅಳತೆಗೋಲನ್ನು ಕಡಲಿನ ಕೈಗೇ ಕೊಟ್ಟಂತಾಯಿತು.

ಕಡಲಿನ ಪಾಲು

ಆದರೆ ಕಡಲು ಯಾರ ಪಕ್ಷವನ್ನೂ ವಹಿಸುವುದಲ್ಲ. ೧೯೩೮ರ ಸೆಪ್ಟೆಂಬರ್ ೨೧ರ ಚಂಡಮಾರುತ ಈ ಕರಾವಳಿಯನ್ನೇ ಕಿತ್ತೆಸೆಯಿತು. ೨೦೧೨ರ ಬಿರುಗಾಳಿಯಲ್ಲಿ ಕಾಲುದಾರಿ ಅನೇಕ ಕಡೆ ಮುರಿಯಿತು. ಕೆಲಸ ಮುಗಿದು ಮತ್ತೆ ತೆರೆಯಲು ಎರಡು ವರ್ಷ ಬೇಕಾಯಿತು. ೨೦೨೨ರ ಮಾರ್ಚಿನಲ್ಲಿ ನಲವತ್ತು ಮೆಟ್ಟಲುಗಳ ಹತ್ತಿರವೇ ದಾರಿಯ ಒಂದು ತುಂಡು ಕುಸಿದು ಕಡಲಿಗೆ ಬಿತ್ತು. ನಡೆಯುವವರು ಬಳಸಿಕೊಂಡು ಹೋಗಬೇಕಾಯಿತು. ಕಡಲಿನ ಮಟ್ಟ ಏರುತ್ತಿದೆ, ಮಣ್ಣು ಸವೆಯುತ್ತಿದೆ. ಬೇಲಿ ಹಾಕಿದವನ ಅಂಗಳವನ್ನೂ ಬೇಲಿ ದಾಟಿದವನ ದಾರಿಯನ್ನೂ ಅದು ಒಂದೇ ಬಾಯಲ್ಲಿ ತಿನ್ನುತ್ತದೆ. ದಂಡೆ ಯಾರದೆಂಬ ಹಳೆಯ ಪ್ರಶ್ನೆಯ ಪಕ್ಕದಲ್ಲಿ, ದಂಡೆ ಎಷ್ಟು ದಿನ ಉಳಿದೀತೆಂಬ ಹೊಸ ಪ್ರಶ್ನೆ ಬಂದು ನಿಂತಿದೆ.

ಸಂಜೆಯಾಗುತ್ತ ಬಂದಂತೆ ಬ್ರೇಕರ್ಸಿನ ದೊಡ್ಡ ಗೇಟುಗಳನ್ನು ಮುಚ್ಚುತ್ತಾರೆ. ಕೊನೆಯ ಪ್ರವಾಸಿಯೂ ಹೊರಬಿದ್ದ ಮೇಲೆ ಪ್ಲಾಟಿನಂ ಗೋಡೆಯ ಕೊಠಡಿಗೆ ಕತ್ತಲೆ ಕವಿಯುತ್ತದೆ. ಅದರ ಬೆನ್ನ ಹಿಂದೆ, ಹುಲ್ಲುಹಾಸಿನ ಕೆಳಗೆ, ಕಾಲುದಾರಿಯಲ್ಲಿ ಮಾತ್ರ ಹೆಜ್ಜೆಯ ಸಪ್ಪಳ ನಿಂತಿರುವುದಿಲ್ಲ. ಕೈಹಿಡಿದು ನಡೆಯುವ ದಂಪತಿಗಳು, ಮಗುವನ್ನು ಹೆಗಲೇರಿಸಿಕೊಂಡ ತಂದೆ, ಗಾಳ ಹಿಡಿದು ಬಂಡೆಗಿಳಿಯುವ ಮುದುಕ. ಈ ದಾರಿಗೆ ಟಿಕೀಟಿಲ್ಲ.